ಹಿಂದಿನ ಎಡಚಕ್ರದ ದುಂಡಣ್ಣ

ಕಾರ್ ರೇಸ್ ನೋಡುವವರಲ್ಲಿ ಎರಡು ಪಂಗಡ. ಡ್ರೈವರನ್ನು ತಲೆ ಮೇಲೆ ಹೊತ್ತು ಮೆರೆಸುವವರು ಒಂದು ಕಡೆ, ಕಾರಿನ ಎಂಜಿನ್ ಕೊಂಡಾಡುವವರು ಇನ್ನೊಂದು ಕಡೆ. ಟ್ರೇ ಅಕ್ಕ ಎರಡಕ್ಕೂ ಸೇರಿದವಳಲ್ಲ. ಒಂದಿಡೀ ಸೀಸನ್, ಇಪ್ಪತ್ತೆರಡು ರೇಸ್, ಅವಳು ಟೀವಿ ಮುಂದೆ ಕೂತದ್ದು ಹಸಿರು ಕಾರಿನ ಹಿಂದಿನ ಎಡಚಕ್ರದ ನಟ್ಟು ಬಿಚ್ಚಿ ಬಿಗಿಯುವ ಒಬ್ಬ ದಪ್ಪ ಮನುಷ್ಯನಿಗಾಗಿ. ಅವನ ಹೆಸರು ಅವಳಿಗೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಯಾವಾಗಲೂ ಹೆಲ್ಮೆಟ್ ಹಾಕಿರುತ್ತಿದ್ದರಿಂದ ಮುಖ ಕಂಡದ್ದೂ ಇಲ್ಲ. ನಗುವವರು ನಗಲಿ. ಮುಖ ಕಂಡವರನ್ನೆಲ್ಲ ನಾವು ಏನು ಮಹಾ ಅರ್ಥ ಮಾಡಿಕೊಂಡುಬಿಟ್ಟಿದ್ದೇವೆ?

ಅವಳ ಕೆಲಸ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ. ಆಪರೇಷನ್ ಮುಗಿದ ಮೇಲೆ ಕತ್ತರಿ, ಚಿಮುಟ, ರಕ್ತನಾಳ ಅದುಮಿ ಹಿಡಿಯುವ ಕ್ಲಾಂಪ್ ಎಲ್ಲ ಅಲ್ಲಿಗೆ ಇಳಿದು ಬರುತ್ತವೆ. ಗೋಡೆಯ ಆಚೆ ತೊಳೆಯುವ ಕಡೆ, ಈಚೆ ಜೋಡಿಸುವ ಕಡೆ. ತೊಳೆದು ಬಂದದ್ದನ್ನು ಒರೆಸಿ, ಕೀಲು ಆಡಿಸಿ ನೋಡಿ, ಎಣಿಸಿ, ಟ್ರೇಯಲ್ಲಿ ಸಾಲಾಗಿ ಇಟ್ಟು, ಬಟ್ಟೆ ಸುತ್ತಿ ಹಬೆ ಯಂತ್ರಕ್ಕೆ ಕೊಡಬೇಕು. ಇಪ್ಪತ್ತನಾಲ್ಕು ವರ್ಷದಿಂದ ಅವಳು ಈಚೆಯ ಮೇಜಿನವಳು. ಮೇಲಿನ ಡಾಕ್ಟರುಗಳಿಗೆ ಅವಳ ಮುಖ ಗೊತ್ತಿಲ್ಲದಿದ್ದರೂ ಅವಳ ಟ್ರೇ ಗೊತ್ತು. ಬಟ್ಟೆ ಬಿಚ್ಚಿದ ತಕ್ಷಣ ಇದು ಯಾರ ಕೈಯಿಂದ ಬಂದದ್ದೆಂದು ಹೇಳುತ್ತಾರಂತೆ. ಟ್ರೇ ಅಕ್ಕ ಎಂಬ ಹೆಸರು ಬಂದದ್ದೂ ಹಾಗೆಯೇ. ಆ ಹೆಸರನ್ನು ಅವಳು ಒಳಗೊಳಗೇ ಬಲು ಮೆಚ್ಚಿಕೊಂಡಿದ್ದಳು.

ಮೇಜಿಗೆ ಒಂದೇ ಒಂದು ಕಟ್ಟುನಿಟ್ಟು. ಒಬ್ಬರು ಪಟ್ಟಿ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಒಂದೊಂದನ್ನೂ ಮುಟ್ಟಿ ಎಣಿಸಬೇಕು, ಕೊನೆಗೆ ಇಬ್ಬರೂ ಸೈನ್ ಮಾಡಬೇಕು. ಹೊಟ್ಟೆ ಆಪರೇಷನ್ನಿನ ದೊಡ್ಡ ಟ್ರೇಯಲ್ಲಿ ಅರವತ್ತೆರಡು ಸಾಮಾನು. ಅದರಲ್ಲಿ ಒಂದು ಕಡಿಮೆ ಹೋಗಿ, ಅದು ಯಾರ ಕಣ್ಣಿಗೂ ಬೀಳದೆ ಆಪರೇಷನ್ ಶುರುವಾಯಿತೆಂದುಕೊಳ್ಳಿ. ಹೊಲಿಗೆ ಹಾಕುವ ಮುಂಚೆ ಮತ್ತೆ ಎಣಿಸುವಾಗ ಆ ಒಂದು ರೋಗಿಯ ಹೊಟ್ಟೆಯೊಳಗೇ ಉಳಿದಿದೆ ಎಂದು ಎಲ್ಲರ ಜೀವ ಬಾಯಿಗೆ ಬರುತ್ತದೆ. ಅದಕ್ಕೇ ಎರಡು ಸೈನು.

ಅವಳ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮೂವತ್ತು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕು ಒತ್ತಿದ್ದೇ ಒತ್ತಿದ್ದು. ದುಡಿಮೆಯಲ್ಲಿ ಕಾರು ಮೂವತ್ತು ಕಿಲೋಮೀಟರ್ ದಾಟಲು ಬಿಡದ ಈ ಮನುಷ್ಯನಿಗೆ ಭಾನುವಾರ ಮಾತ್ರ ಮುನ್ನೂರರ ಹುಚ್ಚು. ಹಸಿರು ಕಾರಿನ ಡ್ರೈವರನ್ನು ಅವರು ‘ನನ್ನ ಶಿಷ್ಯ’ ಎಂದೇ ಕರೆಯುತ್ತಿದ್ದರು. ಶಿಷ್ಯನಿಗೆ ಈ ಗುರು ಇರುವುದು ತಿಳಿಯದು, ಅಷ್ಟೇ. ಶಿಷ್ಯ ತಿರುವಿಗೆ ಬಂದಾಗಲೆಲ್ಲ ಮೇಷ್ಟ್ರ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಆ ಸೀಸನ್ನಿನ ಮೊದಲ ರೇಸಿನ ದಿನ ಅಕ್ಕ ಅದೇ ಕೋಣೆಯಲ್ಲಿ ಬೀನ್ಸ್ ಮುರಿಯುತ್ತ ಕೂತಿದ್ದಳು. ಹಸಿರು ಕಾರು ಟೈರು ಬದಲಿಸಲು ಪಿಟ್ಟಿಗೆ ಬಂತು. ಇಪ್ಪತ್ತು ಜನ ಬಾಗಿದರು, ಎದ್ದರು, ಕಾರು ಹೋಗೇಬಿಟ್ಟಿತು. ಅವಳ ಕೈಯಲ್ಲಿದ್ದ ಬೀನ್ಸು ಇನ್ನೂ ಎರಡು ತುಂಡಾಗಿರಲಿಲ್ಲ.

“ಏನ್ರೀ ಅದು?”

“ಟೈರ್ ಬದಲಾಯ್ಸಿದ್ರು.”

“ನಾಲ್ಕೂನಾ?”

“ನಾಲ್ಕೂ. ಎರಡೂವರೆ ಸೆಕೆಂಡು.”

“ಒಬ್ರೂ ಮಾತೇ ಆಡ್ಲಿಲ್ವಲ್ರೀ!”

ಅದೇ ಅವಳಿಗೆ ಹಿಡಿಸಿದ್ದು. ಅವಳಿಗೆ ಗೊತ್ತಿರುವ ಕೆಲಸ ಅದು: ಮುಖಕ್ಕೆ ಮುಚ್ಚಿಗೆ, ಕೈಗೆ ಗವಸು, ಪ್ರತಿಯೊಂದಕ್ಕೂ ಅದರ ಜಾಗ. ತಾವು ಮಾಡಿದ ಕೆಲಸ ಬೇರೆ ಯಾರನ್ನೋ ಹೊತ್ತುಕೊಂಡು ಹೋಗುತ್ತದೆ, ಹೆಸರೆಲ್ಲ ಅವನಿಗೆ. ಅದನ್ನೇ ನಿಧಾನವಾಗಿ ಮತ್ತೆ ತೋರಿಸಿದಾಗ ಅವಳ ಕಣ್ಣು ಹಿಂದಿನ ಎಡಚಕ್ರದವನ ಮೇಲೆ ನಿಂತಿತು. ಉಳಿದವರೆಲ್ಲ ಕಡ್ಡಿಯಂತೆ ತೆಳ್ಳಗಿದ್ದರೆ ಇವನು ಗುಂಡುಗುಂಡಗೆ. ಮಂಡಿಯೂರಿ, ನಟ್ಟು ತಿರುಗಿಸುವ ಗನ್ನು ಒತ್ತಿ, ಎತ್ತಿ, ಮತ್ತೆ ಒತ್ತಿ, ಹಿಂದೆ ಸರಿದು ತಲೆ ಒಂದು ಸಲ ಆಡಿಸಿದ. ಆಯ್ತು, ನನ್ನದು ಮುಗೀತು ಎಂಬಂತೆ. ಅವಳೂ ಟ್ರೇ ಮುಗಿಸಿದಾಗ ಹಾಗೇ ತಲೆ ಆಡಿಸುತ್ತಿದ್ದಳು.

ಅವತ್ತಿನಿಂದ ಅವನು ದುಂಡಣ್ಣ. ಮೇಷ್ಟ್ರು ಎರಡು ಗಂಟೆ ಕೂತು ರೇಸ್ ನೋಡಿದರೆ ಅಕ್ಕ ನೋಡುತ್ತಿದ್ದದ್ದು ಎರಡು ಸೆಕೆಂಡು. ಕಾರು ಪಿಟ್ಟಿನತ್ತ ತಿರುಗಿದೊಡನೆ ಮೇಷ್ಟ್ರು “ಬಂದ ಕಣೇ ನಿನ್ನ ತಮ್ಮ!” ಎಂದು ಕೂಗುತ್ತಿದ್ದರು. ಅವಳು ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದಳು. ಅತ್ತೆ ಮಂಚದ ಮೇಲಿಂದ, “ಯಾರೇ ಗೆದ್ದಿದ್ದು?” ಎಂದರೆ “ದುಂಡಣ್ಣ, ಅತ್ತೆ. ಎರಡು ಪಾಯಿಂಟ್ ಎರಡು,” ಎನ್ನುತ್ತಿದ್ದಳು. ಅವನು ಕಾರು ಓಡಿಸುವವನೆಂದೇ ಮುದುಕಿ ಕೊನೆವರೆಗೂ ನಂಬಿದ್ದಳು, ಅಷ್ಟು ದಪ್ಪದವನು ಅದರೊಳಗೆ ಹೇಗೆ ತೂರುತ್ತಾನೆಂಬುದೇ ಅವಳ ಚಿಂತೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ಐದಾರು ರೇಸ್ ಕಳೆಯುವಷ್ಟರಲ್ಲಿ ಅಕ್ಕ ಮೇಜಿನೆದುರಿನ ಗೋಡೆ ಗಡಿಯಾರ ನೋಡಿಕೊಂಡು ಟ್ರೇ ಜೋಡಿಸಲು ಶುರುಮಾಡಿದಳು. ದೊಡ್ಡ ಟ್ರೇಗೆ ಮೊದಲು ಒಂಬತ್ತು ನಿಮಿಷ ಬೇಕಾಗುತ್ತಿತ್ತು. ಎಂಟಾಯಿತು, ಆರೂವರೆಯಾಯಿತು. ಐವತ್ತೆರಡು ವರ್ಷದ ಹೆಂಗಸಿಗೆ ಇದೆಂಥ ಚಟ ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು, ಆದರೂ ಸೆಕೆಂಡಿನ ಮುಳ್ಳು ಓಡುವುದು ಕಂಡರೆ ಬೆರಳು ತಾವಾಗಿ ಚುರುಕಾಗುತ್ತಿದ್ದವು. ಐದು ನಿಮಿಷದ ಒಳಗೆ ಬರಬೇಕೆಂಬ ಹಟ ಹತ್ತಿತು. ಅದಕ್ಕೆ ಅಡ್ಡಗಾಲು ಒಂದೇ: ಪಟ್ಟಿ ಓದುವವರ ನಾಲಗೆ ಅವಳ ಕೈಯಷ್ಟು ಬೇಗ ಓಡುತ್ತಿರಲಿಲ್ಲ.

ಆ ದಿನಗಳಲ್ಲಿ ಅವಳ ಎದುರು ನಿಲ್ಲುತ್ತಿದ್ದವಳು ಹೊಸಬಳು. ವಯಸ್ಸು ನಲವತ್ತು ದಾಟಿತ್ತು. ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಸೇರಿ ನಾಲ್ಕು ತಿಂಗಳಾಗಿತ್ತು, ಅಷ್ಟೇ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಒಂದು ಬುಧವಾರ ಊಟದ ಹೊತ್ತಿನಲ್ಲಿ ಅಕ್ಕ ಅವಳಿಗೆ, “ನೀನು ಊಟಕ್ಕೆ ನಡಿ. ಇದೊಂದು ನಾನು ಮುಗಿಸ್ತೀನಿ. ಇಲ್ಲೊಂದು ಸೈನ್ ಹಾಕಿ ಹೋಗು,” ಎಂದಳು.

“ಎಣಿಸದೇನಾ ಅಕ್ಕ?”

“ನಾನಿದೀನಲ್ಲ.”

ಟ್ರೇ ಅಕ್ಕನ ಮಾತಿನ ಮೇಲೆ ಆ ನೆಲಮಾಳಿಗೆಯಲ್ಲಿ ಇನ್ನೊಂದು ಮಾತಿರಲಿಲ್ಲ. ಹೊಸಬಳು ಸೈನ್ ಹಾಕಿ ಹೋದಳು. ಅಕ್ಕ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು, ಕೈ ಇಟ್ಟಳು. ನಾಲ್ಕು ನಿಮಿಷ ನಲವತ್ತು ಸೆಕೆಂಡು. ಖಾಲಿ ಕೋಣೆಯಲ್ಲಿ ಒಬ್ಬಳೇ ನಕ್ಕಳು.

ಗುರುವಾರ ಬೆಳಿಗ್ಗೆ ಆಪರೇಷನ್ ಕೋಣೆಯಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ ಆ ಟ್ರೇ ಬಿಚ್ಚಿ ಎಣಿಸಿದರು. ಅರವತ್ತೊಂದು. ಬಾಗಿದ ಮೂತಿಯ ಕ್ಲಾಂಪ್ ಒಂದು ಕಡಿಮೆ. ಬೇರೆ ಟ್ರೇ ತರಿಸುವವರೆಗೆ ಹನ್ನೆರಡು ನಿಮಿಷ ಆ ರೋಗಿ ಸುಮ್ಮನೆ ಮಲಗಿರಬೇಕಾಯಿತು. ಬೇರೇನೂ ಆಗಲಿಲ್ಲ. ಕ್ಲಾಂಪು ಅಕ್ಕನ ಮೇಜಿನ ಮೇಲಿನ ಒರೆಸುವ ಬಟ್ಟೆಯ ಮಡಿಕೆಯಲ್ಲೇ ಸಿಕ್ಕಿತು.

ಶುಕ್ರವಾರ ಹಿರಿಯ ಸಿಸ್ಟರ್ ಆ ಟ್ರೇಯ ಎಣಿಕೆ ಚೀಟಿ ಹಿಡಿದು ಕೆಳಗೆ ಬಂದರು. ನೆಲಮಾಳಿಗೆಯ ಕೆಲಸವೆಲ್ಲ ಅವರ ಕೈಕೆಳಗೆ. ಎರಡು ಸೈನು ನೋಡಿದರು. ಅಕ್ಕನತ್ತ ತಿರುಗಿ, “ನಿಮ್ಮ ಕೈಯಲ್ಲಿ ತಪ್ಪಾಗಲ್ಲ, ಅದು ನಂಗೊತ್ತು,” ಎಂದರು. ಹೊಸಬಳತ್ತ ತಿರುಗಿ, “ಓದೋಳು ಒಂದು ಸಾಲು ಹಾರಿಸಿದ್ರೆ ಪಾಪ ಅವರೇನು ಮಾಡ್ತಾರೆ? ಎಲ್ಲಿತ್ತಮ್ಮ ನಿನ್ನ ಜ್ಞಾನ? ಸೋಮವಾರ ಮೇಲಕ್ಕೆ ಬರೆದು ಕಳಿಸ್ತೀನಿ. ಇನ್ನೂ ಖಾಯಂ ಆಗಿಲ್ಲ ನೀನು, ನೆನಪಿರಲಿ,” ಎಂದರು.

ಅಕ್ಕ ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹೆಸರು ಅಡ್ಡ ಬಂತು. ಗಡಿಯಾರದ ಜೊತೆ ಪಂದ್ಯ ಕಟ್ಟಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು? ಹೊಸಬಳು ಒಂದೇ ಒಂದು ಸಲ ಅವಳ ಮುಖ ನೋಡಿ ತಲೆ ತಗ್ಗಿಸಿದಳು. ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕ, “ನೀನಾದ್ರೂ ಹೇಳಬಾರ್ದಿತ್ತಾ?” ಎಂದು ಪಿಸುಗುಟ್ಟಿದಾಗ ಅವಳು ಚಪ್ಪಲಿ ಹಾಕಿಕೊಳ್ಳುತ್ತ, “ಏನಂತ ಹೇಳ್ಲಿ ಅಕ್ಕ? ಸೈನ್ ಹಾಕಿದ್ದು ನಾನೇ ತಾನೆ. ಹೇಳಿದ್ರೂ ನಂಬೋರು ಯಾರು?” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕನಿಗೆ ಶನಿವಾರ ಅಷ್ಟು ಭಾರವಾಗುತ್ತಿರಲಿಲ್ಲ.

ಭಾನುವಾರ ಹದಿನಾಲ್ಕನೇ ರೇಸು. ಶಿಷ್ಯ ಮುಂದಿದ್ದ, ಇನ್ನು ಒಂಬತ್ತು ಸುತ್ತು ಬಾಕಿ. ಮೇಷ್ಟ್ರು ಕೂತಲ್ಲಿ ಕೂರಲಾರದೆ, “ಬಂದ ಕಣೇ!” ಎಂದು ಕೂಗಿದರು. ಅಕ್ಕನಿಗೆ ಬರಲು ಮನಸ್ಸಿರಲಿಲ್ಲ, ಅಭ್ಯಾಸ ಎಳೆದುಕೊಂಡು ಬಂತು. ಕಾರು ನಿಂತಿತು, ಇಪ್ಪತ್ತು ಜನ ಬಾಗಿದರು. ಮೂರು ಚಕ್ರದವರು ಎದ್ದರು, ದುಂಡಣ್ಣನೂ ಎದ್ದ, ಮುಗೀತು ಎಂದು ತಿಳಿಸುವ ಗನ್ನಿನ ಗುಂಡಿ ಒತ್ತಿಯೂ ಆಗಿತ್ತು. ಮೇಲೆ ಹಸಿರು ದೀಪ ಹತ್ತಿತು. ಕಾರು ಮುಂದಕ್ಕೆ ಜಗ್ಗಿತು. ಅಷ್ಟರಲ್ಲಿ ಆ ದಪ್ಪ ಮನುಷ್ಯ ಗನ್ನು ಕೆಳಗೆ ಬಿಸಾಕಿ, ಎರಡೂ ಕೈ ತಲೆಯ ಮೇಲೆ ಎತ್ತಿ ಅಡ್ಡಡ್ಡ ಬೀಸತೊಡಗಿದ. ನಿಲ್ಲಿಸಿ, ನಿಲ್ಲಿಸಿ, ನನ್ನದು ಬಿಗಿಯಾಗಿಲ್ಲ.

ಕಾರು ನಿಂತಿತು. ಹಿಂದಕ್ಕೆ ತಳ್ಳಿದರು. ಅವನು ಮತ್ತೆ ಮಂಡಿಯೂರಿದ, ಬಿಗಿದ. ಹದಿನಾಲ್ಕು ಸೆಕೆಂಡು ಹೋಗಿತ್ತು. ಕ್ಯಾಮೆರಾಗಳೆಲ್ಲ ಅವನ ಮೇಲೇ. ಅವನು ಹೆಲ್ಮೆಟ್ ತೆಗೆಯದೆ ಗೋಡೆಗೆ ಒರಗಿ ಕೂತ. ಶಿಷ್ಯ ಆರನೆಯವನಾಗಿ ಮುಗಿಸಿದ.

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. “ದಂಡಪಿಂಡ! ಕೆಲಸಕ್ಕೆ ಬಾರದೋನು! ಒಂದು ನಟ್ಟು ಬಿಗಿಯೋಕೆ ಬರಲ್ಲ ಅಂದ್ರೆ ಯಾಕೆ ಬರ್ಬೇಕು ಇವ್ನು?”

“ಅವ್ನು ಹೇಳ್ದೇ ಇದ್ದಿದ್ರೆ ಏನಾಗ್ತಿತ್ತು?” ಅಕ್ಕ ಕೇಳಿದಳು.

“ಏನಾಗ್ತಿತ್ತು, ಚಕ್ರ ಕಳಚ್ಕೊಳ್ತಿತ್ತು.”

“ಮುನ್ನೂರರಲ್ಲಿ?”

ಮೇಷ್ಟ್ರು ಟೀವಿಯ ದನಿ ತಗ್ಗಿಸಿದರು. ಅಕ್ಕ ಅಲ್ಲಿಂದ ಎದ್ದು ಹೋಗಿ ಒಗೆದ ಬಟ್ಟೆ ಮಡಿಸಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಸೋಮವಾರ ಹಿರಿಯ ಸಿಸ್ಟರ್ ಬರುವ ಮೊದಲೇ ಅವಳು ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಿಂತೇ ಹೇಳಿದಳು. ಹೊಸಬಳು ಆ ಹೊತ್ತಿನಲ್ಲಿ ಕೋಣೆಯಲ್ಲೇ ಇರಲಿಲ್ಲ, ನಾನೇ ಸೈನ್ ಹಾಕಿಸಿ ಕಳಿಸಿದೆ, ಒಬ್ಬಳೇ ಎಣಿಸಿದೆ.

“ಯಾಕೆ?” ಸಿಸ್ಟರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಅಂಥ ಅವಸರ ಏನಿತ್ತು ನಿಮಗೆ?”

“ಅವಸರ ಏನಿರ್ಲಿಲ್ಲ, ಸಿಸ್ಟರ್. ಗಡಿಯಾರ ಇಟ್ಕೊಂಡು ಮಾಡ್ತಿದ್ದೆ. ಎಷ್ಟು ಬೇಗ ಆಗುತ್ತೆ ಅಂತ.”

ಸಿಸ್ಟರ್ ಅವಳನ್ನೇ ನೋಡಿದರು. “ಎಷ್ಟಾಯ್ತು?” ಎಂದರು.

“ನಾಲ್ಕು ನಿಮಿಷ ನಲವತ್ತು ಸೆಕೆಂಡು,” ಎಂದಳು ಅಕ್ಕ. ಹೇಳುವಾಗ ಆ ನಾಚಿಕೆಯ ನಡುವೆಯೂ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು. ಅದನ್ನು ತಡೆಯಲು ಅವಳಿಂದಾಗಲಿಲ್ಲ. ಸಿಸ್ಟರಿಗೆ ನಗು ಬಂತೋ ಅಳು ಬಂತೋ, ಕಿಟಕಿಯತ್ತ ತಿರುಗಿಕೊಂಡರು.

“ನಿಮ್ಮನ್ನ ಮೇಜಲ್ಲಿ ಇಟ್ಕೊಳೋಕಾಗಲ್ಲ,” ಎಂದರು ಆಮೇಲೆ. “ನಾನು ಇಟ್ಕೊಂಡ್ರೂ ಮೇಲಿನೋರು ಒಪ್ಪಲ್ಲ. ಇವತ್ತಿಂದ ತೊಳೆಯೋ ಕಡೆ ಹೋಗಿ.”

“ಅವಳು?”

“ಅವಳು ಇರ್ತಾಳೆ.”

ಅಕ್ಕ ಆಚೆಯ ಕೋಣೆಗೆ ಹೋಗಿ ರಬ್ಬರಿನ ಏಪ್ರನ್ ಕಟ್ಟಿಕೊಂಡಳು. ಅಲ್ಲಿ ಕಿಟಕಿಯಿಲ್ಲ, ಬಿಸಿನೀರಿನ ಆವಿ, ಸೋಪಿನ ವಾಸನೆ. ರಕ್ತ ಒಣಗಿದ ಕತ್ತರಿಯ ಕೀಲನ್ನು ಸಣ್ಣ ಬ್ರಷ್ಷಿನಲ್ಲಿ ಉಜ್ಜುವ ಕೆಲಸ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು ಅವಳಿಗೆ ಬ್ರಷ್ ಹಿಡಿಯುವುದು ಹೇಗೆಂದು ಹೇಳಿಕೊಟ್ಟ. ಅವಳು ಹೇಳಿಸಿಕೊಂಡಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡೇ ಹೇಳಿದ್ದು. ಮೇಷ್ಟ್ರು ಬೈಯಲಿಲ್ಲ. ಟೀಪಾಯಿಯ ಮೇಲಿನ ಪೇಪರನ್ನು ಎತ್ತಿ ಇಟ್ಟು, ಎತ್ತಿ ಇಟ್ಟು, ಕೊನೆಗೆ ಬೇರೆಯೇ ಮಾತು ಶುರುಮಾಡಿದರು.

“ಹದಿನೆಂಟು ವರ್ಷದ ಹಿಂದೆ ಬಂಡಿ ಗೋಡೆಗೆ ಗುದ್ದಿತ್ತಲ್ಲ, ನೆನಪಿದ್ಯಾ?”

“ಆ ಬ್ಯಾಂಕಿನ ಹೆಂಗಸು ಕಲೀತಿದ್ಲಲ್ಲ, ಅವತ್ತು?”

“ಹೂಂ. ಅವಳೇ ಗುದ್ದಿದ್ದು ಅಂದೆ ನಾನು. ಅವಳೂ ಹೌದು ಅಂದ್ಲು. ನಾನು ಕಿಟಕಿಯಿಂದ ಆಚೆ ಯಾರ್ನೋ ಮಾತಾಡಿಸ್ತಿದ್ದೆ ಕಣೇ. ನನ್ ಕಾಲು ಬ್ರೇಕ್ ಮೇಲೇ ಇರ್ಲಿಲ್ಲ.” ಪೇಪರನ್ನು ಮಡಿಸಿಟ್ಟು, “ಆಮೇಲೆ ಅವಳು ಸ್ಟಿಯರಿಂಗ್ ಮುಟ್ಲೇ ಇಲ್ವಂತೆ. ಈಗ್ಲೂ ಬಸ್ ಸ್ಟಾಪಲ್ಲಿ ನಿಂತಿರ್ತಾಳೆ. ನನ್ನ ನೋಡಿದ್ರೆ ನಮಸ್ಕಾರ ಸಾರ್ ಅಂತಾಳೆ,” ಎಂದರು.

ಅತ್ತೆ ಒಳಗಿನಿಂದ, “ಏನ್ರೋ, ದೀಪ ಹಾಕಲ್ವಾ?” ಎಂದಮೇಲೆ ಅಕ್ಕ ಎದ್ದಳು.

ಹದಿನೈದನೇ ರೇಸಿನಲ್ಲಿ ಹಿಂದಿನ ಎಡಚಕ್ರಕ್ಕೆ ಒಬ್ಬ ಸಣಕಲ ಬಂದಿದ್ದ. ಹದಿನಾರರಲ್ಲೂ ಅವನೇ. ದುಂಡಣ್ಣ ಏನಾದನೆಂದು ಟೀವಿಯವರು ಹೇಳಲಿಲ್ಲ. ಡ್ರೈವರ್ ಸೀನಿದರೂ ಸುದ್ದಿ, ನಟ್ಟು ಬಿಗಿಯುವವನ ಮನೆ ಮುಳುಗಿದರೂ ಸುದ್ದಿಯಲ್ಲ. ಅಕ್ಕ ಮಾತ್ರ ಪ್ರತಿ ಸಲವೂ ಬಂದು ನೋಡಿ ಹೋಗುತ್ತಿದ್ದಳು. ಅವನು ಹಿಂತಿರುಗಿದರೆ ತನ್ನನ್ನೂ ಮೇಜಿಗೆ ಕರೆಯುತ್ತಾರೆ ಎಂದು ಯಾಕೋ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗೆ ಕೂತದ್ದನ್ನು ಗಂಡನಿಗೂ ಹೇಳಲಿಲ್ಲ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಸಣಕಲ ಚೆನ್ನಾಗಿಯೇ ಬಿಗಿಯುತ್ತಿದ್ದ. ಇತ್ತ ಅವಳ ಅಂಗೈ ಬಿಸಿನೀರಿಗೆ ಸುಕ್ಕಾಗಿ ಸಿಪ್ಪೆ ಎದ್ದಿತು. ಹೊಸಬಳ ಕೆಲಸ ಖಾಯಂ ಆಯಿತು.

ಕೊನೆಯ ರೇಸಿನಲ್ಲಿ ಶಿಷ್ಯ ಗೆದ್ದ, ಆದರೆ ಚಾಂಪಿಯನ್ ಪಟ್ಟ ಐದೇ ಐದು ಅಂಕದಲ್ಲಿ ಬೇರೆಯವನ ಪಾಲಾಯಿತು. ಟೀವಿಯವರು ಹದಿನಾಲ್ಕನೇ ರೇಸಿನ ಆ ಹದಿನಾಲ್ಕು ಸೆಕೆಂಡನ್ನು ಮತ್ತೆ ಮತ್ತೆ ತೋರಿಸಿದರು. ಪಟ್ಟ ಹೋದದ್ದು ಇಲ್ಲಿಯೇ ಎಂದರು. ಮೇಷ್ಟ್ರು ಟೀವಿಗೇ ಉತ್ತರ ಕೊಟ್ಟರು: “ಮುಚ್ಕೊಳ್ರೋ ಬಾಯಿ. ಅವ್ನು ಕೈ ಎತ್ತಿದ್ದಕ್ಕೇ ನನ್ನ ಶಿಷ್ಯ ಇವತ್ತು ಉಸಿರಾಡ್ತಿರೋದು.” ಅಕ್ಕ ಅವರ ಮುಖ ನೋಡಿದಳು. ಅವರ ಕಣ್ಣಲ್ಲಿ ನೀರಿತ್ತು, ಪಟ್ಟಕ್ಕೋ, ಬಸ್ ಸ್ಟಾಪಿನ ಹೆಂಗಸಿಗೋ.

ಆಮೇಲೆ ಸೀಸನ್ ಮುಗಿದದ್ದಕ್ಕೆ ಹಸಿರು ತಂಡದ ಗ್ರೂಪ್ ಫೋಟೋ. ಗ್ಯಾರೇಜಿನ ಮುಂದೆ ನೂರಾರು ಜನ ಸಾಲಾಗಿ ನಿಂತಿದ್ದರು, ಕೂತಿದ್ದರು, ಅಡುಗೆಯವರೂ ಲಾರಿ ಓಡಿಸುವವರೂ ಸೇರಿ. ಯಾರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಕ್ಯಾಮೆರಾ ಒಂದು ತುದಿಯಿಂದ ನಿಧಾನವಾಗಿ ಹೊರಟಿತು. ಅಕ್ಕ ಟೀವಿಯ ಹತ್ತಿರಕ್ಕೆ ಹೋಗಿ ನೆಲದ ಮೇಲೆ ಕೂತಳು. ಮೇಷ್ಟ್ರೂ ಬಂದು ಪಕ್ಕದಲ್ಲಿ ಮಂಡಿಯೂರಿದರು.

“ಇವ್ನೇ ಇರ್ಬೇಕು ನೋಡೇ. ದಪ್ಪಗಿದಾನೆ.”

“ಇವ್ನು ಗಿಡ್ಡ ರೀ.”

“ಹಾಗಾದ್ರೆ ಅವ್ನು. ಗಡ್ಡದೋನು.”

“ಗಡ್ಡ ಇತ್ತೋ ಇಲ್ವೋ ನಮಗೇನ್ ಗೊತ್ತು?”

“ಅಯ್ಯೋ, ಆರು ಜನ ದಪ್ಪಗಿದಾರಲ್ಲೇ ಇಲ್ಲಿ!”

ನಿಜ. ಆರು ಜನ ಇದ್ದರು. ಒಬ್ಬ ಮಗುವನ್ನು ಎತ್ತಿಕೊಂಡಿದ್ದ, ಒಬ್ಬ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ, ಒಬ್ಬ ಪಕ್ಕದವನಿಗೆ ಏನೋ ಹೇಳಿ ನಗುತ್ತಿದ್ದ. ಹಿಂದಿನ ಸಾಲಿನಲ್ಲಿ ಟೈರು ತೊಳೆಯುವ ಏಪ್ರನ್ನಿನಲ್ಲೇ ಬಂದು ನಿಂತವನೂ ಒಬ್ಬನಿದ್ದ, ಕೈ ಒದ್ದೆಯಾಗಿತ್ತು. ಅಕ್ಕ ಆರೂ ಜನರನ್ನು ಒಬ್ಬೊಬ್ಬರಾಗಿ ನೋಡಿದಳು. ಆರರಲ್ಲಿ ಯಾವುದು ಅವನ ಮುಖವೆಂದು ಹೇಳಲು ಅವಳಿಂದಾಗಲಿಲ್ಲ, ಇವರಲ್ಲಿ ಅವನು ಇಲ್ಲವೆಂದು ಹೇಳಲೂ ಆಗಲಿಲ್ಲ. ಫೋಟೋದವನು ಏನೋ ಕೂಗಿದ, ನೂರಾರು ಜನ ಒಟ್ಟಿಗೆ ನಕ್ಕರು.

“ತಂಡದಲ್ಲಿ ಇಟ್ಕೊಂಡಿದಾರೆ ಬಿಡಿ,” ಎಂದಳು ಅಕ್ಕ. “ಇಲ್ಲೇ ಎಲ್ಲೋ ಇದಾನೆ. ಎಲ್ಲಿದ್ರೂ ಕೆಲಸ ಮಾಡ್ತಿರ್ತಾನೆ.”

“ನಾಳೆ ನಿಂಗೂ ಡ್ಯೂಟಿ ಇದೆಯಲ್ಲ,” ಎಂದರು ಮೇಷ್ಟ್ರು.

“ಇದೆ. ಎಂಟಕ್ಕೆ,” ಎಂದು ಅವಳು ಎದ್ದು ಹೋಗಿ ಏಪ್ರನ್ನಿನ ಕಿತ್ತುಹೋದ ಲಾಡಿ ಹೊಲಿಯಲು ಸೂಜಿ ಹುಡುಕಿದಳು.